ತಾರಸಿ ದಾಟಿದ ತೆಂಗಿನ ಮರ

ನಾವು ಮಲಗುವ ಕೋಣೆಯ ನಡುವೆ ಒಂದು ತೆಂಗಿನ ಮರವಿತ್ತು. ಬರೆದಾಗ ಚೆಲುವಾಗಿ ಕಾಣುತ್ತದೆ, ಹಾಗಿರಲಿಲ್ಲ. ಪಾಂಡವಪುರದ ಆ ಮನೆಗೆ ನಾನು ಸೊಸೆಯಾಗಿ ಹೋಗುವ ಮೊದಲೇ ಹಿತ್ತಲಿನಲ್ಲಿ ಕೋಣೆ ಎಬ್ಬಿಸಿದ್ದರು. ಕಾಯಿ ಬಿಡುವ ಮರಕ್ಕೆ ಕೊಡಲಿ ಹಾಕಬಾರದೆಂಬುದು ಮಾವನ ಹಟ. ಮರವನ್ನು ಒಳಗೇ ಉಳಿಸಿ ಗೋಡೆ ಕಟ್ಟಿಸಿದರು, ತಾರಸಿಯಲ್ಲಿ ಕಂಡಿ ಬಿಡಿಸಿದರು. ಗಾಳಿಗೆ ಮರ ತೂಗುವುದರಿಂದ ಕಂಡಿಯಲ್ಲಿ ಸಿಮೆಂಟು ನಿಲ್ಲದು. ಡಾಂಬರಿನಲ್ಲಿ ಅದ್ದಿದ ಗೋಣಿ ತುರುಕಿದ್ದರು. ಮಳೆ ಬಂದರೆ ನೀರು ಮರದ ಮೈಮೇಲೆಯೇ ಇಳಿದು ಬುಡ ಸೇರುತ್ತಿತ್ತು. ಬೇಸಿಗೆಯಲ್ಲಿ ನಾನು ಬಿಂದಿಗೆ ಹೊತ್ತು ಹುಯ್ಯಬೇಕು. ಹಾಸಿಗೆ ಸದಾ ತೇವ. ಕೋಣೆಗೆ ಕಿಟಕಿಯೂ ಇತ್ತಂತೆ. ನನ್ನ ನೆನಪಿನಲ್ಲಿ ಇಲ್ಲ.

ತೊಂಬತ್ತರ ದಶಕದ ಯಾವುದೋ ವರ್ಷ ಗಂಡನಿಗೆ ಕೆ.ಆರ್.ಪೇಟೆಗೆ ವರ್ಗವಾಯಿತು. ಅಲ್ಲಿ ಬಾಡಿಗೆಗೆ ಒಂದು ಮನೆ ಗೊತ್ತಾಯಿತು. ಚಿಕ್ಕದು, ಆದರೆ ನೆಲ ಒಣಗಿತ್ತು. ನಾವಿಬ್ಬರೂ ಹೋಗಲು ಮಾವ ಒಪ್ಪಿದರು. ಇನ್ನೇನು ಹೊರಡಬೇಕು, ಒಂದು ಮಧ್ಯಾಹ್ನ ಮರಕ್ಕೆ ಒರಗಿ ಬಟ್ಟೆ ಮಡಚುತ್ತಿದ್ದೆ. ಮರದೊಳಗೆ ಸದ್ದು. ಯಾರೋ ಬಾಯಿ ಮುಚ್ಚಿಕೊಂಡು ಕಬ್ಬು ಅಗಿಯುವ ಹಾಗೆ.

ಅತ್ತೆಗೆ ಹೇಳಿದೆ. ಯಾಕೆ ಹೇಳಿದೆ? ಮರದ ಮೇಲಿನ ಕರುಣೆಗೆ ಎಂದು ಎಷ್ಟೋ ಕಾಲ ಅಂದುಕೊಂಡಿದ್ದೆ. ಈಗ ನಂಬಿಕೆಯಿಲ್ಲ. ಹಾಲು ಉಕ್ಕುತ್ತಿದೆ ಎನ್ನುವ ಹಾಗೆ, ಸುಮ್ಮನೆ ಹೇಳಿರಬೇಕು.

ಮಾವ ಕಿವಿಯಿಟ್ಟರು, ಕೇಳಿಸಲಿಲ್ಲ. ಅತ್ತೆಗೂ ಇಲ್ಲ. ಕರೆಸಿದ ಆಚಾರಿ, ನಾನು ಬೆರಳಿಟ್ಟ ಕಡೆ ಬೈರಿಗೆಯಿಂದ ಕೊರೆದ. ಕೊಳೆತ ನಾರಿನ ಜೊತೆ ದಪ್ಪನೆಯ ಬಿಳಿ ಹುಳ ಬಂತು.

"ಗಂಡ ಕೂಗುದ್ರೆ ಕೇಳ್ತದೋ ಇಲ್ವೋ, ಉಳ ಅಗದ್ರೆ ಕೇಳ್ತದಲ್ಲವ್ವ ನಿಂಗೆ," ಎಂದು ನಕ್ಕ. ಗಾಯಕ್ಕೆ ಔಷಧಿ ಹುಯ್ದು ಜೇಡಿಮಣ್ಣು ಮೆತ್ತಿದ. "ಒಳ್ಗೆ ಇನ್ನೂ ಇರ್ತವೆ. ದಿನಾ ಕಿವಿ ಕೊಟ್ಟು ನೋಡ್ಬೇಕು."

ಅತ್ತೆ ನನ್ನತ್ತ ತಿರುಗಿದರು. "ಮರ ವಾಸಿ ಆಗೋಗಂಟ ಇದ್ದುಬುಡವ್ವ. ನಮ್ಗೆಲ್ಲಿ ಕೇಳ್ತದೆ."

ಗಂಡ ಒಬ್ಬರೇ ಬಸ್ಸು ಹತ್ತಿದರು.

ದಿನವೂ ಮರಕ್ಕೆ ಕೆನ್ನೆ ಒತ್ತಿ ನಿಲ್ಲುತ್ತಿದ್ದೆ. ಔಷಧಿಯ ವಾಸನೆಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಸದ್ದು ನಿಂತಿತು. ಮೆಲ್ಲಗೆ ಕಡಿಮೆಯಾಯಿತೋ, ಒಮ್ಮೆಲೇ ನಿಂತಿತೋ, ಅದು ನನ್ನ ನೆನಪಿನಲ್ಲಿ ಮಸಕು. ಹಿತ್ತಲಿಗೆ ಹೋಗಿ ತಲೆಯೆತ್ತಿ ನೋಡಿದರೆ ಹೊಸ ಗರಿ ಬಿಚ್ಚಿದ್ದಂತೂ ನಿಜ.

"ಏನೂ ಕೇಳ್ತಿಲ್ಲ ಕಣತ್ತೆ," ಎಂದೆ.

"ಈಗ ಇಲ್ಲ, ಸರಿ. ತಿರ್ಗ ಬಂದ್ರೆ ಯಾರ್ಗೆ ಗೊತ್ತಾಯ್ತದೆ?"

ದನಿಯಲ್ಲಿ ಗದರಿಕೆ ಇರಲಿಲ್ಲ. ಮೆಚ್ಚುಗೆಯೇ ಇತ್ತು. ಅದಕ್ಕೇ ಮತ್ತೆ ಹೋಗಿ ಮರಕ್ಕೆ ಕಿವಿಯಿಟ್ಟೆ.

ಭಾನುವಾರ ಗಂಡ ಬಂದರು. ಜಗಲಿಯಲ್ಲಿ ಕೂತು, ಚಪ್ಪಲಿಯ ಧೂಳು ಕೊಡವುತ್ತಾ, "ಆ ಮನೆ ಬುಟ್ಬುಟ್ಟೆ ಕಣೆ. ಬಸ್ಸಲ್ಲೇ ಓಡಾಡ್ತೀನಿ, ಏನ್ ಮಹಾ ದೂರ," ಎಂದರು. ತಮ್ಮ ಅಪ್ಪನ ಜೊತೆ ಮೊದಲೇ ಮಾತಾಗಿತ್ತೆಂದು ಕಾಣುತ್ತದೆ; ಮಾವ ತಲೆಯೆತ್ತಲಿಲ್ಲ. ಅತ್ತೆ ಎದ್ದು ಬುತ್ತಿ ಡಬ್ಬಿ ಹುಡುಕತೊಡಗಿದರು.

ಬುತ್ತಿ ಕಟ್ಟಬೇಕಲ್ಲ, ಬೆಳಿಗ್ಗೆ ಅವರ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನೇ ಕೇಳಿದೆ.