ಸುಮ್ಮನೆ ಕೂರದ ಅಕ್ಕ

ವಿದೇಶಕ್ಕೆ ಹೊರಡುವವರಿಗೆ ನನ್ನ ಸಲಹೆ ಒಂದೇ: ಕಾಗದಪತ್ರಕ್ಕೂ ಮೊದಲು ಬೆರಳು ನೋಡಿಕೊಳ್ಳಿ.

ಕುಂದಾಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ, ಇಂಗ್ಲೆಂಡಿನಲ್ಲಿ ನರ್ಸಾಗಿರುವ ಮಗಳ ಬಾಣಂತನಕ್ಕೆ ಹೊರಟಿದ್ದರು. ಏಜೆಂಟನ ಹತ್ತಿರ ಚೌಕಾಸಿ ಮಾಡಿ ಕಾಗದವನ್ನೆಲ್ಲ ನಾನೇ ಸರಿಮಾಡಿಸಿದ್ದೆ. ಆದರೆ ವೀಸಾ ಕಚೇರಿಯ ಯಂತ್ರಕ್ಕೆ ಅವರ ಬೆರಳಚ್ಚೇ ಸಿಗಲಿಲ್ಲ. ಕಳೆ ಕಿತ್ತು, ಬೂದಿಯಲ್ಲಿ ಪಾತ್ರೆ ತಿಕ್ಕಿ ಗೆರೆಗಳೆಲ್ಲ ಸವೆದುಹೋಗಿದ್ದವು. ಇನ್ನೊಂದು ಸಲ ಬನ್ನಿ ಎಂದು ಕಳಿಸಿದರು. ಹೆರಿಗೆ ನೋಡಿದರೆ ಹತ್ತಿರ ಬಂದಿತ್ತು.

“ಅಕ್ಕಾ, ಅಲ್ಲೀವರ್ಗೂ ಏನೂ ಮುಟ್ಬೇಡಿ. ಕೈಗೆ ಹರಳೆಣ್ಣೆ ಹಚ್ಕೊಂಡು ಕೂತ್ಕೊಳಿ,” ಎಂದೆ.

“ಸುಮ್ಕೆ ಕೂರಕ್ಕೆ ನಾನೇನ್ ಮದ್ವೆ ಹೆಣ್ಣೇನಪ್ಪಾ?”

ಯಾರು ಕೂರಿ ಎಂದರೂ ಅವರದು ಅದೇ ಮಾತು. ಆದರೂ ಮಗಳಿಗಾಗಿ ಕೂತರು. ಜಗಲಿಯ ಮೇಲೆ ಎಣ್ಣೆಗೈ ಚಾಚಿಕೊಂಡು ಗದ್ದದಲ್ಲೇ ಸೊಸೆಗೆ ಕೆಲಸ ತೋರಿಸುತ್ತಿದ್ದರು. ಹಸು ಕೂಗಿದರೆ ತಟ್ಟನೆ ಎದ್ದು, ಕೈ ನೋಡಿಕೊಂಡು, ಮತ್ತೆ ಕೂರುತ್ತಿದ್ದರು.

ಎರಡನೇ ಸಲ ಎಲ್ಲ ಬೆರಳೂ ಸಿಕ್ಕವು. ಅಕ್ಕ ಕೌಂಟರಿನ ಹುಡುಗಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದರು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬಳು ಅವರೆಕಾಯಿ ಸುಲಿಯುತ್ತಿದ್ದಳು. ಗುರುತಿಲ್ಲ, ಪರಿಚಯವಿಲ್ಲ, ಅಕ್ಕ ಅವಳ ಮುಂದೆ ಸೆರಗೊಡ್ಡಿದರು.

“ಒಸಿ ಇತ್ಲಾಗೂ ಸುರಿಯವ್ವಾ.”