ಹೆಸರು ಹೇಳದೆ ಇಳಿಯುತ್ತಿದ್ದ ನಿಲ್ದಾಣ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಚಿತ್ರದುರ್ಗದಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಆಗ ಚಿಕ್ಕಜಾಜೂರಿನಿಂದ ದುರ್ಗಕ್ಕೆ ಮೀಟರ್ ಗೇಜ್ ಹಳಿಯ ಮೇಲೆ ಬೆಳಿಗ್ಗೆ ಒಂದು ಪ್ಯಾಸೆಂಜರ್ ಬರುತ್ತಿತ್ತು, ಸಂಜೆ ಅದೇ ವಾಪಸು ಹೋಗುತ್ತಿತ್ತು. ಉಗಿ ಎಂಜಿನ್, ಇಟ್ಟಿಗೆ ಬಣ್ಣದ ನಾಲ್ಕು ಬೋಗಿ. ಈ ದಾರಿಯಲ್ಲಿ ಹೊಳಲ್ಕೆರೆ ತಾಲ್ಲೂಕಿನ ಎರಡು ಊರುಗಳ ನಡುವೆ ಒಂದು ಹಾಲ್ಟ್ ಬೇಕೆಂದು ಬಹಳ ವರ್ಷಗಳಿಂದ ಅರ್ಜಿಗಳು ಹೋಗುತ್ತಿದ್ದವು. ಹಾಲ್ಟ್ ಎಂದರೆ ಪ್ಲಾಟ್‌ಫಾರಂ ಇರುವುದಿಲ್ಲ, ಸ್ಟೇಷನ್ ಮಾಸ್ತರರೂ ಇರುವುದಿಲ್ಲ. ಒಂದು ಬೋರ್ಡು, ತಗಡಿನ ಒಂದು ಮಾಡು, ಕಮಿಷನ್ ಮೇಲೆ ಟಿಕೆಟ್ ಕೊಡುವ ಊರಿನ ಒಬ್ಬರು. ರೈಲು ನಿಲ್ಲುವುದು ಒಂದು ನಿಮಿಷ.

ಆ ಎರಡು ಊರುಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎರಡರಲ್ಲೂ ಓದುವವರಿದ್ದಾರೆ, ಯಾವುದನ್ನು ಮೊದಲು ಬರೆದರೂ ಇನ್ನೊಂದರಿಂದ ಕಾಗದ ಬರುತ್ತದೆ. ಹಳಿಯ ಪಡುವಣಕ್ಕೆ ಇದ್ದದ್ದು ಕೆರೆಯಿದ್ದ ದೊಡ್ಡ ಊರು. ಮೂಡಣಕ್ಕೆ ಇದ್ದದ್ದು ಹೂ ಬೆಳೆಯುವ ಸಣ್ಣ ಊರು.

ಅರ್ಜಿಗಳನ್ನು ಹೊತ್ತು ತಿರುಗಿದ್ದವರು ಸಣ್ಣ ಊರಿನ ಒಬ್ಬ ಹೆಂಗಸು. ನಲವತ್ತೈದರ ಆಸುಪಾಸಿನ ವಿಧವೆ. ಅರ್ಧ ಎಕರೆಯಲ್ಲಿ ಸೇವಂತಿಗೆ, ಬದುವಿನ ಮೇಲೆ ಕನಕಾಂಬರ. ಬೆಳಕು ಹರಿಯುವ ಮೊದಲೇ ಹೂ ಕಿತ್ತು, ಬುಟ್ಟಿ ಹೊತ್ತು ಮೂರು ಮೈಲಿ ನಡೆದು ಟಾರು ರಸ್ತೆ ಸೇರಬೇಕಿತ್ತು. ಬಸ್ಸಿನವರು ಬುಟ್ಟಿಯನ್ನು ಒಳಗೆ ಬಿಡುತ್ತಿರಲಿಲ್ಲ. ಟಾಪಿನ ಮೇಲೆ ಬಿಸಿಲು, ಧೂಳು ಕುಡಿದ ಹೂವನ್ನು ದುರ್ಗದ ಮಾರುಕಟ್ಟೆಯಲ್ಲಿ ಮೇಲಿನ ಒಂದು ಪದರ ಕಿತ್ತೆಸೆದು ಕೊಳ್ಳುತ್ತಿದ್ದರು. ನಾನು ಮೊದಲ ಸಲ ಮಾತಾಡಿಸಿದಾಗ ಅವರು ಹೇಳಿದ್ದು ಇಷ್ಟೇ.

"ಈ ವರ್ಷ ನೋಡ್ತೀನ್ರಿ. ರೈಲು ನಿಂದ್ರಲಿಲ್ಲ ಅಂದ್ರೆ ಗಿಡ ಎಲ್ಲ ಕಿತ್ತು ರಾಗಿ ಹಾಕಿ, ನಾನು ಕೂಲಿಗೆ ಹೋಗ್ತೀನಿ. ಹೂವು ಮಾತ್ರ ಇನ್ನು ಟಾಪಿನ ಮ್ಯಾಲೆ ಹಾಕಲ್ಲ."

ಆ ವರ್ಷವೇ ರೈಲ್ವೆಯಿಂದ ತಾಲ್ಲೂಕು ಕಚೇರಿಗೆ ಕಾಗದ ಬಂತು. ಮೂರು ತಿಂಗಳ ಮಟ್ಟಿಗೆ ಹಾಲ್ಟ್ ಕೊಟ್ಟು ನೋಡುತ್ತೇವೆ; ಅಲ್ಲಿಂದ ಮತ್ತು ಅಲ್ಲಿಗೆ ಎಷ್ಟು ಟಿಕೆಟ್ ಖರ್ಚಾಗುತ್ತವೆ ಎಂಬುದರ ಮೇಲೆ ಮುಂದಿನ ತೀರ್ಮಾನ; ಎರಡೂ ಊರಿನವರು ಒಪ್ಪಿ ಒಂದು ತಿಂಗಳೊಳಗೆ ಒಂದು ಹೆಸರು ಕಳಿಸಬೇಕು. ಹೆಸರು ಬಾರದಿದ್ದರೆ ಪ್ರಸ್ತಾವ ಬಿದ್ದುಹೋಗುತ್ತದೆ.

ಇಲ್ಲಿ ನಮ್ಮ ಕಡೆಯಿಂದ ಒಂದು ತಪ್ಪಾಯಿತು. ಪಕ್ಷಪಾತ ಎನ್ನಿಸಬಾರದೆಂದು ನಾನು ಎರಡು ಊರುಗಳ ಹೆಸರನ್ನು ಅಕ್ಷರ ಕ್ರಮದಲ್ಲಿ ಬರೆದು ವರದಿ ಕಳಿಸಿದ್ದೆ. ಸಣ್ಣ ಊರು ಮೊದಲು ಬಂದಿತ್ತು. ಆಗ ಸೀಸದ ಮೊಳೆ ಜೋಡಿಸಿ ಅಚ್ಚು ಮಾಡುವ ಕಾಲ. ತಲೆಬರಹದ ದಪ್ಪ ಮೊಳೆಗಳಲ್ಲಿ ಎರಡು ಹೆಸರು ಒಂದು ಕಾಲಮ್ಮಿನ ಅಗಲಕ್ಕೆ ಹಿಡಿಯಲಿಲ್ಲ. ಡೆಸ್ಕಿನವರು ಎರಡನೆಯದನ್ನು ತೆಗೆದರು. ಬೆಳಿಗ್ಗೆ ಪತ್ರಿಕೆ ಹೋದಾಗ ಸಣ್ಣ ಊರಿಗೆ ಹಾಲ್ಟ್ ಮಂಜೂರಾಗಿದೆ ಎಂದು ತಲೆಬರಹ ಸಾರುತ್ತಿತ್ತು. ಕೆಳಗಿನ ವಿವರವನ್ನು ದೊಡ್ಡ ಊರಿನಲ್ಲಿ ಯಾರೂ ಓದಲಿಲ್ಲ.

ತಿಂಗಳು ಮುಗಿಯಲು ವಾರವಿದ್ದಾಗ ಹಳಿಯ ಪಕ್ಕದ ಬೇವಿನ ಮರದ ಕೆಳಗೆ ಸಭೆ ಸೇರಿತು. ರೈಲ್ವೆಯ ಒಬ್ಬ ಇನ್‌ಸ್ಪೆಕ್ಟರು ಬಂದಿದ್ದರು. ದೊಡ್ಡ ಊರಿನ ಮಾಜಿ ಛೇರ್ಮನ್ನರು, ಬಿಳಿ ಜುಬ್ಬದ ಹಿರಿಯರು, ನನ್ನನ್ನು ನೋಡಿದ ಕೂಡಲೇ ಶುರುಮಾಡಿದರು.

"ಬರ್ರಿ ಪೇಪರ್‌ನೋರೇ, ಕುಂತ್ಕಳ್ರಿ. ನಮ್ಮೂರು ಯಾವತ್ತು ಕೆರ್ಯಾಗೆ ಮುಳುಗಿತು, ಅದೊಂದು ಹೇಳ್ರಿ. ನಮಗಂತೂ ಗೊತ್ತಾಗಲಿಲ್ಲ."

ನಾನು ಮೊಳೆಯ ಅಳತೆ, ಕಾಲಮ್ಮಿನ ಅಗಲ ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಜಾಗ ಸಾಲಲಿಲ್ಲ ಅಂತ ಊರನ್ನೇ ಇಳಿಸಿಬಿಟ್ರಿ. ನಮ್ಮ ಬಸ್ ಕಂಡಕ್ಟ್ರು ಇದ್ದಂಗೇ ಇದೀರಿ" ಎಂದರು. ಎರಡೂ ಊರಿನವರು ನಕ್ಕರು. ಆ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಎರಡು ಹೆಸರನ್ನೂ ಸೇರಿಸಿ ಎಂದು ಯಾರೋ ಹೇಳಿದರು. ಟಿಕೆಟ್ಟಿನ ರಟ್ಟು ಹೆಬ್ಬೆಟ್ಟಿನಷ್ಟಿರುತ್ತದೆ, ಅದರಲ್ಲಿ ಹಿಡಿಯುವುದು ಒಂದು ಹೆಸರು ಎಂದರು ಇನ್‌ಸ್ಪೆಕ್ಟರು. ಊರಿನ ಹೆಸರಿಗೆ 'ರೋಡ್' ಸೇರಿಸಿದರೆ ಯಾರಿಗೂ ಸ್ವಂತವಾಗುವುದಿಲ್ಲ ಎಂಬ ಸಲಹೆ ಬಂತು. ಛೇರ್ಮನ್ನರು ಅದನ್ನೂ ಬಿಡಲಿಲ್ಲ.

"ಹೊಸದುರ್ಗ ರೋಡ್ ಅಂತ ಐತಲ್ಲ, ಅಲ್ಲಿ ಇಳಿದು ನೋಡ್ರಿ, ಹೊಸದುರ್ಗ ಎಲ್ಲೈತೆ ಅಂತ. ನಮ್ಮ ಬೀಗರು ಒಂದ್ಸಲ ರಾತ್ರಿ ಇಳಿದೋರು, ಬೆಳಿಗ್ಗೆ ತಂಕ ಅದೇ ಕಟ್ಟೆ ಮ್ಯಾಲೆ ಕುಂತಿದ್ರು. ಇದರ ಬದ್ಲು ಹಿರಿಯೂರಿನೋರೇ ವಾಸಿ. ರೈಲೂ ಇಲ್ಲ, ಹೆಸರಿನ ತಕರಾರೂ ಇಲ್ಲ."

ಹೊತ್ತು ಏರುತ್ತಿತ್ತು. ಇನ್‌ಸ್ಪೆಕ್ಟರು ಎರಡು ಸಲ ಗಡಿಯಾರ ನೋಡಿಕೊಂಡರು. ಆಗ ಹೂವಿನ ಹೆಂಗಸು ಎದ್ದು ನಿಂತರು.

"ಅವರೂರಿನ ಹೆಸರೇ ಬರ್ಕಳ್ರಿ ಸಾಹೇಬ್ರೆ. ಬೋರ್ಡು ಓದಾಕೆ ನನಗೆ ಬರಾದಿಲ್ಲ. ರೈಲು ನಿಂದ್ರಲಿ."

ಅವರದೇ ಊರಿನ ದರ್ಜಿ ಎದ್ದ. "ಅಲ್ಲಕ್ಕಾ, ಊರ ಹೆಸರು ಬಿಟ್ಕೊಡಾಕೆ ನೀನ್ಯಾರು?"

"ಅರ್ಜಿ ಹಿಡ್ಕಂಡು ಹೊಳಲ್ಕೆರೆಗೆ ಎಷ್ಟು ಸಲ ಹೋಗಿ ಬಂದೆ, ಯಾವತ್ತಾರ ಜೊತೆಗೆ ಬಂದ್ಯೇನಪ್ಪ? ಆಗ ಊರು ಎಲ್ಲಿತ್ತು?"

ದರ್ಜಿ ಕುಳಿತ. ದೊಡ್ಡ ಊರಿನ ಗಂಡಸರು ಸಹಿ ಹಾಕಿದರು. ಸಣ್ಣ ಊರಿನ ಪರವಾಗಿ ಹೂ ಬೆಳೆಯುವ ಹೆಂಗಸರು ಹೆಬ್ಬೆಟ್ಟು ಒತ್ತಿದರು. ಅಲ್ಲಿನ ಗಂಡಸರು ಪಂಚೆ ಕೊಡವಿಕೊಂಡು ಹಳಿ ದಾಟಿ ಹೋದರು.

ಹಾಲ್ಟ್ ತೆರೆಯುವ ದಿನಕ್ಕಾಗಿ ಛೇರ್ಮನ್ನರು ದುರ್ಗದ ಒಬ್ಬ ಪೇಂಟರನ್ನು ಗೊತ್ತುಮಾಡಿದರು. ಲಾರಿ, ಬಸ್ಸುಗಳ ಮೈಗೆ ನವಿಲು, ಸೂರ್ಯೋದಯ ಬರೆಯುವುದರಲ್ಲಿ ಆತ ಹೆಸರುವಾಸಿ. ಒಂದು ಬೋಗಿಯ ಪಕ್ಕಕ್ಕೆ ಉದ್ದಕ್ಕೂ ಏಳು ಸುತ್ತಿನ ಕೋಟೆ ಬರೆಯುತ್ತೇನೆಂದು ಅಂದಾಜು ಚಿತ್ರ ಸಮೇತ ಇನ್‌ಸ್ಪೆಕ್ಟರ ಬಳಿ ಹೋದ. ಬೋಗಿಯ ಬಣ್ಣದ ಮೇಲೆ ಒಂದು ಗೆರೆಯನ್ನೂ ಎಳೆಯುವಂತಿಲ್ಲ ಎಂದು ಅವರು ಹೇಳಿದರು. ಬೇಕಾದರೆ ತಗಡಿನ ಮೇಲೆ ಬರೆದು ತಂತಿಯಿಂದ ಕಟ್ಟಬಹುದು, ಕೇಳಿದಾಗ ಬಿಚ್ಚಬೇಕು. ಹಾಗಾಗಿ ಕೋಟೆ ಎರಡು ಅಡಿ ತಗಡಿಗೆ ಇಳಿಯಿತು. ಮೊದಲ ದಿನ ಎಂಜಿನ್ನಿನ ಎದೆಗೆ ಅದನ್ನು ಕಟ್ಟಿ, ಬಾಳೆಕಂದು ಸಿಕ್ಕಿಸಿ, ತೆಂಗಿನಕಾಯಿ ಒಡೆದರು.

ತೊಂದರೆ ಕಾಣಿಸಿದ್ದು ಮಾರನೆಯ ದಿನ. ನಾಲ್ಕು ಬೋಗಿಗಳಲ್ಲಿ ಒಂದಕ್ಕೆ ಮಾತ್ರ ಅಗಲ ಬಾಗಿಲು. ಬುಟ್ಟಿ ಹಿಡಿಯುವುದು ಅದರಲ್ಲೇ. ಚಿಕ್ಕಜಾಜೂರಿನಲ್ಲಿ ಜೋಡಿಸುವಾಗ ಅದು ಒಂದು ದಿನ ಮುಂದೆ, ಇನ್ನೊಂದು ದಿನ ಹಿಂದೆ ಬರುತ್ತಿತ್ತು. ಎಲ್ಲ ಬೋಗಿಗಳದೂ ಒಂದೇ ಬಣ್ಣವಾದ್ದರಿಂದ ಹತ್ತಿರ ಬರುವವರೆಗೆ ಗುರುತು ಸಿಗುವುದಿಲ್ಲ. ರೈಲು ನಿಂತ ಮೇಲೆ ಹೆಂಗಸರು ಬುಟ್ಟಿ ಹೊತ್ತು ಜಲ್ಲಿಕಲ್ಲಿನ ಮೇಲೆ ಓಡಬೇಕು. ನಿಮಿಷ ಮುಗಿದುಹೋಗುತ್ತಿತ್ತು. ಮೂರನೆಯ ದಿನ ನಾನು ಅಲ್ಲಿದ್ದೆ. ಹೂವಿನ ಹೆಂಗಸಿನ ಕಾಲು ಜಾರಿ ಬುಟ್ಟಿ ಮಗುಚಿತು, ಅರ್ಧ ಹೂ ಹಳಿಯ ಮೇಲೆ ಹರಡಿತು. ರೈಲು ಹೊರಟಿತು. ಅವರು ಉಳಿದದ್ದನ್ನು ಆರಿಸಿ ಬುಟ್ಟಿಗೆ ತುಂಬಿಕೊಂಡು, ಯಾರನ್ನೂ ಬಯ್ಯದೆ, ಟಾರು ರಸ್ತೆಯ ಕಡೆ ನಡೆದರು.

ಪೇಂಟರಿಗೆ ನಾನು ಈ ವಿಷಯ ಹೇಳಿದೆ. ಭಾನುವಾರ ಆತ ಸೈಕಲ್ಲಿಗೆ ತಗಡು ಕಟ್ಟಿಕೊಂಡು ಹಾಲ್ಟಿಗೆ ಬಂದ. ಇನ್ನೊಂದು ಕೋಟೆ ಬರೆದಿದ್ದ; ಬುರುಜು, ಬತೇರಿ, ಬಾಗಿಲಲ್ಲಿ ಇಬ್ಬರು ಕಾವಲುಗಾರರು. ಅಗಲ ಬಾಗಿಲ ಪಕ್ಕಕ್ಕೆ ಇದನ್ನು ಕಟ್ಟಿದರೆ ಗುರುತು ಸಿಗುತ್ತದೆ ಎಂಬುದು ಆತನ ಲೆಕ್ಕ. ಹೆಂಗಸರು ಸುತ್ತ ನಿಂತು ನೋಡಿದರು.

"ಚೆನ್ನಾಗೈತೆ. ಈ ಕಾವಲುಗಾರನ ಮೀಸೆ ಭಾಳ ಚೆನ್ನಾಗೈತೆ" ಎಂದರು ಹೂವಿನ ಹೆಂಗಸು. "ಈಗ ಇದನ್ನ ಹಿಡ್ಕಂಡು ಆ ತಿರುವಿನ ಹತ್ರಕ್ಕೆ ಹೋಗಪ್ಪ."

ಪೇಂಟರ್ ಹಳಿಗುಂಟ ನಡೆದು ತಿರುವಿನಲ್ಲಿ ನಿಂತು ತಗಡು ಎತ್ತಿ ಹಿಡಿದ. ನನಗೆ ಕಂಡದ್ದು ಕಂದು ಬಣ್ಣದ ಒಂದು ಚೌಕ.

ಆತ ವಾಪಸು ಬಂದಾಗ ಹೂವಿನ ಹೆಂಗಸು ಕೇಳಿದರು. "ಕೋಟೆ ಕಾಣಲಿಲ್ಲ. ಮೀಸೆನೂ ಕಾಣಲಿಲ್ಲ. ನೀನು ಮಾತ್ರ ಕಂಡೆ. ನಿನ್ನೇ ದಿನಾ ಬಾಗಿಲಿಗೆ ಕಟ್ಟಾಣೇನು?"

ಪೇಂಟರಿಗೆ ಸಿಟ್ಟು ಬಂತು. "ಮತ್ತೇನು ಬರೀಲಿ ಹೇಳವ್ವ, ನೀನೇ ಹೇಳು."

"ಒಂದು ಹೂವ. ತಗಡಿನ ತುಂಬ ಒಂದೇ ಹೂವ. ಹಳದೀದು."

ಆತ ಅಲ್ಲೇ ಕುಳಿತು ಕೋಟೆಯ ಮೇಲೆ ಬಿಳಿ ಹೊಡೆದ, ಒಣಗಲು ಬಿಟ್ಟ. ಮಧ್ಯಾಹ್ನ ಕಳೆದ ಮೇಲೆ ಅದರ ತುಂಬ ಒಂದು ಸೇವಂತಿಗೆ ಎದ್ದಿತು. ತಿರುವಿನಲ್ಲಿ ಹಿಡಿದು ನೋಡಿ, ಬೋಗಿಯ ಇಟ್ಟಿಗೆ ಬಣ್ಣದ ಮೇಲೆ ಅದು ಎದ್ದು ಕಾಣುವುದೆಂದು ನಾವು ಅಂದಾಜು ಮಾಡಿದೆವು, ಹಾಗೇ ಆಯಿತು. ನಾವು ಕೇಳಿಕೊಂಡಂತೆ ರೈಲಿನ ಗಾರ್ಡು ಚಿಕ್ಕಜಾಜೂರಿನಲ್ಲಿ ತಗಡನ್ನು ಅಗಲ ಬಾಗಿಲ ಪಕ್ಕದ ಕೊಂಡಿಗೆ ಸಿಕ್ಕಿಸಿಕೊಂಡು ಬರುತ್ತಿದ್ದರು. ರೈಲು ತಿರುವಿಗೆ ಬಂದ ಕೂಡಲೇ ಹೆಂಗಸರು ಹೂವಿನ ಗುರುತು ನೋಡಿ ಮುಂದಕ್ಕೋ ಹಿಂದಕ್ಕೋ ನಡೆದು ನಿಲ್ಲುತ್ತಿದ್ದರು. ರೈಲು ನಿಲ್ಲುವಾಗ ಬಾಗಿಲು ಅವರ ಎದುರಿಗಿರುತ್ತಿತ್ತು.

ಎರಡು ತಿಂಗಳು ಕಳೆಯಿತು. ಬೆಳಗಿನ ರೈಲಿಗೆ ಎರಡೂ ಊರಿನಿಂದ ಜನ ಹತ್ತುತ್ತಿದ್ದರು. ಮುನಿಸಿಕೊಂಡಿದ್ದ ಸಣ್ಣ ಊರಿನ ಗಂಡಸರೂ ಬಂದರು. ಎಲ್ಲ ಸರಿಹೋಯಿತೆಂದು ನಾನು ತಿಳಿದಿದ್ದೆ. ಆದರೂ ಒಂದು ಸಂಜೆ ದುರ್ಗದ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತರನ್ನು ವಿಚಾರಿಸಿದೆ. ಕೇಳಿ ಖಚಿತ ಮಾಡಿಕೊಳ್ಳದೆ ಬರೆಯಬಾರದೆಂಬುದು ನಮ್ಮಲ್ಲಿ ನಿಯಮ. ಅವರು ಟಿಕೆಟ್ ಜೋಡಿಸಿಟ್ಟ ಮರದ ಗೂಡು ತೋರಿಸಿದರು. ಹೊಸ ಹಾಲ್ಟಿನ ರಟ್ಟುಗಳು ಹೆಚ್ಚು ಇಳಿದಿರಲಿಲ್ಲ. ಅದರಾಚೆಯ ನಿಲ್ದಾಣದ ರಟ್ಟುಗಳು ಮಾತ್ರ ಎಂದೂ ಇಲ್ಲದಷ್ಟು ಖಾಲಿಯಾಗಿದ್ದವು.

ಕಾರಣ ಅಲ್ಲೇ ನಿಂತು ನೋಡಿದಾಗ ತಿಳಿಯಿತು. ಬೆಳಿಗ್ಗೆ ಹಾಲ್ಟಿನಲ್ಲಿ ಹತ್ತುವಾಗ "ದುರ್ಗಕ್ಕೆ ಒಂದು" ಎಂದರೆ ಸಾಕು. ಸಂಜೆ ವಾಪಸು ಬರುವಾಗ ಕಿಟಕಿಯ ಮುಂದೆ ಆ ದೊಡ್ಡ ಊರಿನ ಹೆಸರು ಹೇಳಿ ಟಿಕೆಟ್ ಕೇಳಬೇಕು. ಸಣ್ಣ ಊರಿನ ಒಬ್ಬ ಗಂಡಸೂ ಅದನ್ನು ಹೇಳುತ್ತಿರಲಿಲ್ಲ. ಮುಂದಿನ ನಿಲ್ದಾಣಕ್ಕೆ ಹೆಚ್ಚು ಕೊಟ್ಟು ಟಿಕೆಟ್ ಕೊಂಡು, ಮೊದಲೇ ಹಾಲ್ಟಿನಲ್ಲಿ ಇಳಿದುಬಿಡುತ್ತಿದ್ದರು. ಲೆಕ್ಕದ ಪ್ರಕಾರ ಹಾಲ್ಟಿಗೆ ಹೋಗುವವರು ಬಹಳ ಕಡಿಮೆ. ಕೊನೆಯ ತಿಂಗಳೂ ಹೀಗೇ ಕಳೆದರೆ ಹಾಲ್ಟ್ ಉಳಿಯುವುದಿಲ್ಲ.

ಮಾರನೆಯ ದಿನ ಮಾರುಕಟ್ಟೆಯಲ್ಲಿ ಹೂವಿನ ಹೆಂಗಸಿಗೆ ಇದನ್ನು ತಿಳಿಸಿದೆ. ಅವರು ಖಾಲಿ ಬುಟ್ಟಿಯನ್ನು ತಟ್ಟಿ ಪಕ್ಕಕ್ಕಿಟ್ಟರು. "ಸಂಜಿಕೆ ನೀವೂ ಬರ್ರಿ" ಎಂದರು.

ಸಂಜೆ ಟಿಕೆಟ್ ಕಿಟಕಿಯ ಮುಂದೆ ಅವರ ಊರಿನ ಹತ್ತು ಹನ್ನೆರಡು ಗಂಡಸರು ಸಾಲು ನಿಂತಿದ್ದರು. ದರ್ಜಿ ಮುಂದಿದ್ದ. ಅವನು ಬಾಯಿ ತೆರೆಯುವ ಮೊದಲೇ ಹೂವಿನ ಹೆಂಗಸು ಅವನ ಪಕ್ಕಕ್ಕೆ ಹೋಗಿ ನಿಂತರು.

"ಏನಪ್ಪ, ಎಲ್ಲಿಗೆ ಟಿಕೇಟು?"

ದರ್ಜಿ ಅಂಗೈಯಲ್ಲಿದ್ದ ಚಿಲ್ಲರೆ ಎಣಿಸತೊಡಗಿದ.

"ನಾನು ಇಪ್ಪತ್ತು ವರ್ಷ ಸಂಸಾರ ಮಾಡ್ದೆ, ಗಂಡನ ಹೆಸರು ಒಂದಿನ ಬಾಯಾಗೆ ಹೇಳಲಿಲ್ಲ. ಹೆಂಗಸರು ಹೇಳಬಾರದು ಅಂತ ಪದ್ಧತಿ. ನಿಮಗೇನಾತು? ಆ ಊರು ನಿಮ್ಮ ಗಂಡನೇನು?"

ಸಾಲಿನ ಹಿಂದಿನಿಂದ ಯಾರೋ ಕಿಸಕ್ಕೆಂದರು. ದೊಡ್ಡ ಊರಿನ ಇಬ್ಬರು ಅಲ್ಲೇ ಬೆಂಚಿನ ಮೇಲಿದ್ದರು. ಅವರು ಪುಣ್ಯಕ್ಕೆ ನಗಲಿಲ್ಲ.

"ನಗಬ್ಯಾಡ್ರಿ. ಹೇಳಾಕಾಗಲ್ಲ ಅಂದ್ರೆ ಬ್ಯಾಡ, ಮಾನ ಮರ್ಯಾದೆ ನಂಗೂ ಗೊತ್ತೈತೆ. ದುಡ್ಡು ನನ್ನ ಕೈಗೆ ಕೊಡ್ರಿ. ಹೇಳೋಳು ನಾನು. ನೀವು ಟಿಕೇಟು ಜೇಬಿಗೆ ಹಾಕ್ಕಳ್ರಿ, ಓದಲೂಬ್ಯಾಡ್ರಿ."

ದರ್ಜಿ ಮೊದಲು ಕೊಟ್ಟ. ಅವನ ಹಿಂದಿನವನೂ ಕೊಟ್ಟ. ಅವರು ಸೆರಗಿನಲ್ಲಿ ಚಿಲ್ಲರೆ ಹಿಡಿದುಕೊಂಡು ಕಿಟಕಿಗೆ ಹೋಗಿ, ದೊಡ್ಡ ಊರಿನ ಹೆಸರನ್ನು ಇಡೀ ಸ್ಟೇಷನ್ನಿಗೆ ಕೇಳುವಂತೆ ಹೇಳಿ, ಅಷ್ಟೂ ಜನಕ್ಕೆ ಟಿಕೆಟ್ ಕೊಂಡರು.

ಉಳಿದ ತಿಂಗಳು ಇದೇ ನಡೆಯಿತು. ಪ್ರತಿ ಸಂಜೆ ಮಾರುಕಟ್ಟೆ ಮುಗಿಸಿ ಬಂದು ಅವರು ಕಿಟಕಿಯ ಬಳಿ ಕೂರುತ್ತಿದ್ದರು. ಗಂಡಸರು ಬಂದು ಮಾತಿಲ್ಲದೆ ಕೈಗೆ ಕಾಸು ಕೊಟ್ಟು ಹೋಗುತ್ತಿದ್ದರು. ಒಮ್ಮೆ ಅವರಿಗೆ ಜ್ವರ ಬಂದು ಎರಡು ದಿನ ಬರಲಿಲ್ಲ. ಆಗ ದರ್ಜಿಯೇ ಕಿಟಕಿಗೆ ಹೋಗಿ, ಹೆಸರು ಹೇಳದೆ, "ಅಕ್ಕ ಕೇಳ್ತಾಳಲ್ಲ, ಅದು ಹನ್ನೊಂದು ಕೊಡ್ರಿ" ಎಂದನಂತೆ. ಗುಮಾಸ್ತರು ಅಷ್ಟೇ ಗಂಭೀರವಾಗಿ ಹನ್ನೊಂದು ಕೊಟ್ಟರಂತೆ.

ಮೂರು ತಿಂಗಳ ಲೆಕ್ಕ ಹೋಯಿತು. ಕೆಲವು ವಾರಗಳ ನಂತರ, ಹಾಲ್ಟ್ ಮುಂದುವರಿಯುತ್ತದೆ ಎಂಬ ಆದೇಶದ ಪ್ರತಿ ನನ್ನ ಕೈಗೆ ಬಂತು. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಉಳಿದ ದಾರಿ ನಡೆದು ಹಾಲ್ಟ್ ತಲುಪಿದಾಗ ಹೆಂಗಸರು ಬುಟ್ಟಿಗಳಿಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದರು. ಆದೇಶ ಓದಿ ಹೇಳಿದೆ. ಅದರಲ್ಲಿ ಇಂಗ್ಲಿಷ್ ಹೆಚ್ಚಿತ್ತು, ಅರ್ಥ ಬಿಡಿಸಿದೆ.

"ಮೂರು ತಿಂಗಳಿಗಾ?" ಎಂದು ಕೇಳಿದರು ಅವರು.

"ಇಲ್ಲ. ಇನ್ನು ದಿನಾ ನಿಲ್ಲುತ್ತೆ."

"ಕಿತ್ತಾಕಬಾರದು ಅಂತ ಬರ್ದವರಾ?"

ಹಾಗೆ ಬರೆದಿರಲಿಲ್ಲ. ಮುಂದಿನ ಆದೇಶದವರೆಗೆ ಎಂದಿತ್ತು. ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು. ಹಿಂದಿನ ವಾರ ಹೊಸ ಸಸಿ ಹಾಕಿದ್ದಾಗಿಯೂ, ಬದುವಿನ ಆಚೆಯ ತುಂಡಿಗೂ ಈ ಸಲ ಸೇವಂತಿಗೆಯನ್ನೇ ಹಾಕಿದ್ದಾಗಿಯೂ ತಿಳಿಸಿದರು. ಆದೇಶ ಬರುವ ಮೊದಲೇ ಹೇಗೆ ಹಾಕಿದಿರಿ ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ರೈಲಿನ ಕೂಗು ಕೇಳಿಸಿತು. ಅವರು ಬುಟ್ಟಿಯ ಒಂದು ಬದಿ ಹಿಡಿದು, ಇನ್ನೊಂದು ಬದಿ ಹಿಡಿಯುವಂತೆ ನನಗೆ ಸನ್ನೆ ಮಾಡಿದರು.