ಎಡಗಡೆಯ ಚಿಪ್ಪು

ಹೊಸಬರ ಮನೆಗೆ ಹೋದಾಗ ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ ಹೋಗುತ್ತದೆ. ನನ್ನ ಹೆಂಡತಿ ಒಲೆಕಟ್ಟೆ ಎಷ್ಟು ಚೊಕ್ಕಟವಾಗಿದೆ ಎಂದು ನೋಡುತ್ತಾಳೆ. ನನ್ನ ಭಾವಮೈದ ಗೋಡೆಯ ಬಿರುಕು ನೋಡಿ ಮೇಸ್ತ್ರಿಯ ಯೋಗ್ಯತೆ ಅಳೆಯುತ್ತಾನೆ. ನನ್ನ ಕಣ್ಣು ಮಾತ್ರ ಸೀದಾ ಮೇಲಕ್ಕೆ, ತೊಲೆಗೆ ಹೋಗುತ್ತದೆ. ತೊಲೆಯಲ್ಲಿ ಮೊಳೆ ಇದೆಯೆ, ಮೊಳೆಗೆ ಏನಾದರೂ ನೇತುಬಿದ್ದಿದೆಯೆ ಎಂದು ಹುಡುಕುತ್ತದೆ. ಈಗ ತೊಲೆಗಳೇ ಇಲ್ಲ, ಎಲ್ಲಾ ಸಿಮೆಂಟು, ಆದರೂ ಹುಡುಕುತ್ತದೆ. "ಏನ್ರೀ ಅದು, ಹೋದ್ ಹೋದ್ ಮನೇಲೆಲ್ಲಾ ಹಲ್ಲಿ ಹುಡುಕೋರ ಹಾಗೆ!" ಎಂದು ಹೆಂಡತಿ ಗದರುತ್ತಾಳೆ. ಹಲ್ಲಿಯಾಗಿದ್ದರೆ ಎಷ್ಟೋ ವಾಸಿಯಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೋಲಾರದ ಪೇಟೆಯಲ್ಲಿ ಹುಟ್ಟಿ ಬೆಳೆದ ನನ್ನನ್ನು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಯಲ್ದೂರಿನಿಂದಲೂ ಒಳಗಿದ್ದ ಒಂದು ಹೈಸ್ಕೂಲಿಗೆ ಸಮಾಜ ಪಾಠದ ಮೇಷ್ಟ್ರಾಗಿ ಹಾಕಿದರು. ಸ್ಕೂಲು ಊರಾಚೆ, ಹಳೆಯ ಮಾವಿನ ತೋಪಿನ ನಡುವೆ. ಹಗಲಲ್ಲೂ ಅಲ್ಲಿ ಒಂದು ಥರದ ಮಬ್ಬು. ಚಳಿಗಾಲದ ಬೆಳಿಗ್ಗೆ ಮಂಜು ಮರಗಳ ಕಾಲಿಗೆ ಸುತ್ತಿಕೊಂಡು ಕೂತಿರುತ್ತಿತ್ತು. ಮಕ್ಕಳ ಮಾತು ಮೊದಲು ಕೇಳಿಸುತ್ತಿತ್ತು, ಮಕ್ಕಳು ಆಮೇಲೆ ಕಾಣಿಸುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು. ಯಾವುದು ಎಲ್ಲಿ ಮುಗಿದು ಯಾವುದು ಶುರುವಾಯಿತೆಂದು ಹೇಳುವುದು ನನ್ನಂಥ ಪೇಟೆಯವನಿಗೆ ಆಗದ ಕೆಲಸ.

ಸಮಾಜ ಪಾಠದ ಮೇಷ್ಟ್ರ ಕಷ್ಟ ನಿಮಗೆ ಹೇಳಬೇಕು. ಇತಿಹಾಸದಲ್ಲಿ ಬರುವವರೆಲ್ಲ ಸತ್ತವರು, ಭೂಗೋಳದಲ್ಲಿ ಬರುವವರು ದೂರದವರು. ಅವರ ತಂಟೆಯಿಲ್ಲ, ಏನು ಹೇಳಿದರೂ ನಡೆಯುತ್ತದೆ. ಪೌರನೀತಿಯಲ್ಲಿ ಬರುವವರು ಮಾತ್ರ ಬದುಕಿರುವವರು, ಪಕ್ಕದ ಬೆಂಚಿನಲ್ಲೇ ಕೂತಿರುವವರು. ಅದಕ್ಕೇ ಇರಬೇಕು, ಆ ಪುಸ್ತಕ ಎಲ್ಲಕ್ಕಿಂತ ತೆಳ್ಳಗಿರುತ್ತಿತ್ತು. ಜೊತೆಗೆ ಶುಕ್ರವಾರ ನೀತಿಪಾಠ. ಒಬ್ಬೊಬ್ಬರು ಎದ್ದು ತಮ್ಮ ಧರ್ಮದ ಒಂದು ಒಳ್ಳೆಯ ಮಾತು ಹೇಳಬೇಕು. ಮಾವಿನ ಮಂಡಿಯವರ ಮಗ ಬಾಷಾ ಎದ್ದು "ಎಲ್ಲಾರೂ ಒಂದೇ ಸಾರ್" ಎನ್ನುತ್ತಿದ್ದ. ಪಟೇಲರ ಮೊಮ್ಮಗ ಚಂಗಲರಾಯ ಎದ್ದು "ನಮ್ದೂ ಅದೇ ಸಾರ್" ಎಂದು ಕೂತುಬಿಡುತ್ತಿದ್ದ. ಇಷ್ಟು ಸುಲಭವಾಗಿ ಸರ್ವಧರ್ಮ ಸಮನ್ವಯ ಸಾಧಿಸಿದ ಮೇಷ್ಟ್ರು ಜಿಲ್ಲೆಯಲ್ಲೇ ಇರಲಾರರೆಂದು ನಾನು ಬೀಗುತ್ತಿದ್ದೆ.

ಅಸ್ಪೃಶ್ಯತೆಯ ಪಾಠವನ್ನಂತೂ ಜೀವ ಬಿಟ್ಟು ಮಾಡಿದೆ. ಕೈ ಎತ್ತಿ, ಧ್ವನಿ ಏರಿಸಿ, ಕೊನೆಗೆ ನನ್ನ ಕಣ್ಣಲ್ಲೇ ನೀರು ಬರಿಸಿಕೊಂಡು. "ಅಸ್ಪೃಶ್ಯತೆಯನ್ನು ಏನು ಮಾಡಲಾಗಿದೆ?" ಎಂದರೆ ಇಡೀ ಕ್ಲಾಸು ತೆಲುಗಿನ ರಾಗದಲ್ಲಿ "ನಿರ್ಮೂಲ ಮಾಡಲಾಗಿದೆ ಸಾ...ರ್" ಎಂದು ತಾರಸಿ ಹಾರುವಂತೆ ಕೂಗಿತು. ಬೆಲ್ಲು ಹೊಡೆಯಿತು. ಎಲ್ಲರೂ ನೀರಿಗೆ ಓಡಿದರು. ನಾನು ಹಿಂದೆಯೇ ಹೋದೆ.

ವರಾಂಡದ ಮೂಲೆಯಲ್ಲಿ ಮರಳಿನ ಮೇಲೆ ದೊಡ್ಡ ಗುಡಾಣ. ಅದರ ಮುಚ್ಚಳದ ಮೇಲೆ ಹಿತ್ತಾಳೆ ಲೋಟ. ಮಕ್ಕಳೆಲ್ಲ ಲೋಟದಲ್ಲಿ ಮೊಗೆದು ಕುಡಿದು ಸರಿದರು. ಕೊನೆಗೆ ಹತ್ತನೇ ಕ್ಲಾಸಿನ ಮುನಿಲಕ್ಷ್ಮಿ ಬಂದಳು. ಊರಾಚೆಯ ಕಾಲನಿಯಿಂದ ಹತ್ತನೇ ಕ್ಲಾಸಿನವರೆಗೆ ಬಂದ ಹುಡುಗಿ ಅವಳೊಬ್ಬಳೇ. ತೊಲೆಯ ಮೊಳೆಯಿಂದ ಒಂದು ತೆಂಗಿನ ಚಿಪ್ಪು ಹುರಿಯಲ್ಲಿ ಇಳಿಬಿದ್ದಿತ್ತು. ಅದನ್ನು ತೆಗೆದು ಹಿಡಿದಳು. ಚಂಗಲರಾಯ ಲೋಟವನ್ನು ಎತ್ತರಕ್ಕೆ ಹಿಡಿದು ನೀರು ಹುಯ್ದ. ಇಬ್ಬರ ಮುಖದಲ್ಲೂ ಏನೂ ಇರಲಿಲ್ಲ. ಈಗ ತಾನೇ ಇಬ್ಬರೂ ಒಟ್ಟಿಗೆ "ನಿರ್ಮೂಲ" ಎಂದು ಕೂಗಿದ್ದರು!

ನನಗೆ ಮೈ ಉರಿದುಹೋಯಿತು. ಮಧ್ಯಾಹ್ನ ಯಾರೂ ಇಲ್ಲದಾಗ ಚಿಪ್ಪನ್ನು ಕಿತ್ತು ತೋಪಿನೊಳಕ್ಕೆ ಬೀಸಿ ಒಗೆದೆ. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಚಿಪ್ಪು ತೊಲೆಯಲ್ಲೇ ಇದೆ.

ಯಾರೋ ಹುಡುಗರ ಕಿತಾಪತಿ ಎಂದುಕೊಂಡು ಅದನ್ನು ಮತ್ತೆ ಕಿತ್ತೆ. ಈ ಸಲ ಸರಿಯಾಗಿ ನೋಡಿದೆ. ಅಂಚಿನಲ್ಲಿ ಒಂದು ಕಚ್ಚು ಇತ್ತು, ಯಾವುದೋ ಹಲ್ಲು ಕಚ್ಚಿದಂತೆ. ಮನೆಗೆ ಒಯ್ದು ಬಚ್ಚಲೊಲೆಗೆ ಹಾಕಿದೆ. ಚಟಪಟ ಉರಿದು ಬೂದಿಯಾಗುವುದನ್ನು ಕೂತು ನೋಡಿ, ಅದರ ಬಿಸಿಯಲ್ಲಿ ಸ್ನಾನ ಮಾಡಿ, ನೆಮ್ಮದಿಯಾಗಿ ಮಲಗಿದೆ. ಬೆಳಕು ಹರಿಯುವ ಹೊತ್ತಿಗೆ ಎಲ್ಲರಿಗಿಂತ ಮುಂಚೆ ಸ್ಕೂಲಿಗೆ ಹೋದೆ. ಮಂಜು ವರಾಂಡದ ಒಳಗೂ ಬಂದು ನಿಂತಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಚಿಪ್ಪು ಮಾತ್ರ ತೊಲೆಯಿಂದ ಇಳಿಬಿದ್ದು ಸಣ್ಣಗೆ ತೂಗುತ್ತಿತ್ತು. ಕೈ ಹಾಕಿದರೆ ಒಳಗೆ ಒದ್ದೆ. ಬೆರಳಾಡಿಸಿದರೆ ಅಂಚಿನಲ್ಲಿ ಅದೇ ಕಚ್ಚು.

ದೆವ್ವ ಇಲ್ಲವೆಂದು ಪಾಠ ಮಾಡುವವನು ಆವತ್ತು ಎರಡು ಹೆಜ್ಜೆ ಹಿಂದಕ್ಕೆ ಸರಿದದ್ದನ್ನು ಯಾರೂ ನೋಡಲಿಲ್ಲ, ಪುಣ್ಯ. ಗುಡಾಣ ತುಂಬಿಸುವ ಜವಾನ ಪಾಪಣ್ಣ ಬಿಂದಿಗೆ ಹೊತ್ತು ಬಂದ. ತರಾಟೆಗೆ ತೆಗೆದುಕೊಂಡೆ. ಅವನು ಬಿಂದಿಗೆ ಇಳಿಸಿ, ತೊಲೆಯ ಕಡೆ ನೋಡದೆಯೇ, "ಎವರೂ ಪೆಟ್ಟಲೇದು ಸಾ. ಯಾರೂ ಇಕ್ಕಲ್ಲ. ಅದು ಅಲ್ಲೇ ಇರ್ತೈತೆ" ಎಂದ. ಹೆಡ್ಮಾಸ್ತರರನ್ನು ಕೇಳಿದೆ. "ಅದು ನಾನು ಬರೋಕ್ ಮುಂಚಿಂದ್ಲೂ ಇದೆ ಕಣ್ರೀ. ಯಾರು ಹಾಕ್ತಾರೋ ಏನೋ, ಇರುತ್ತೆ" ಎಂದು ಸಿಗರೇಟು ಹಚ್ಚಿದರು. ಚಂಗಲರಾಯನನ್ನು ಕಿವಿ ಹಿಡಿದು ಕೇಳಿದೆ. "ದೇವ್ರಾಣೆ ನಾನಲ್ಲ ಸಾರ್, ಅದೇ ಇರುತ್ತೆ" ಎಂದ. ಬೇರೆ ಬೇರೆ ಬಾಯಿ, ಮಾತು ಒಂದೇ. ಸುಳ್ಳು ಹೇಳುವವರು ಹೀಗೆ ಹೇಳುವುದಿಲ್ಲ. ಸುಳ್ಳಿನಲ್ಲಿ ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ, ಮೇಷ್ಟ್ರಿಗೆ ಅದು ಗೊತ್ತು. ನನಗೆ ಭಯವಾದದ್ದೇ ಅದಕ್ಕೆ.

ನಾನು ಕೀಳುತ್ತಲೇ ಇದ್ದೆ, ಅದು ಬರುತ್ತಲೇ ಇತ್ತು. ಅಷ್ಟರಲ್ಲಿ ಮುನಿಲಕ್ಷ್ಮಿ ಮಧ್ಯಾಹ್ನದ ಕ್ಲಾಸಿಗೆ ಬರುವುದು ನಿಂತಿತು. ಆಮೇಲೆ ಬೆಳಿಗ್ಗೆಯೂ ಕಾಣಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ನಾನೇ ಕಾಲನಿಗೆ ಹೋದೆ. ಅವಳ ಅಪ್ಪ ಕೈಯೆಲ್ಲ ಮಣ್ಣು ಮಾಡಿಕೊಂಡು ಗೋಡೆ ಮೆತ್ತುತ್ತಿದ್ದ. ಮಾವಿನ ಕಾಲ ಬಂದರೆ ಮಗಳನ್ನು ಶ್ರೀನಿವಾಸಪುರದ ಮಂಡಿಗೆ ಕಾಯಿ ಆರಿಸಲು ಕಳಿಸುತ್ತೇನೆ, ಓದಿದ್ದು ಸಾಕು ಎಂದ. ಮುನಿಲಕ್ಷ್ಮಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಯಾಕಮ್ಮಾ?" ಎಂದೆ.

"ನೀವು ಚಿಪ್ಪು ಕಿತ್ತಾಕಿದ್ ದಿನ ನಂಗೆ ನೀರಿರಲ್ಲ ಸಾರ್. ಲೋಟ ಮುಟ್ಟಂಗಿಲ್ಲ, ಕೈಗೆ ಹುಯ್ಯೋಕೆ ಅವ್ರು ಹೆದರ್ತಾರೆ, ನೀವ್ ಬೈತೀರ ಅಂತ. ಮನೇಗ್ ಬಂದು ಕುಡ್ದು ವಾಪಸ್ ಹೋಗೋ ಹೊತ್ಗೆ ಕ್ಲಾಸು ಮುಗ್ದೋಗಿರ್ತದೆ. ಪಾಠ ಮಾಡಿ ಸಾರ್, ಚೆನ್ನಾಗ್ ಮಾಡ್ತೀರ. ಚಿಪ್ಪಿಗ್ ಮಾತ್ರ ಕೈ ಹಾಕ್ಬೇಡಿ."

ಅವಳಿಗೆ ನಾನು ಕೊಟ್ಟ ಸಮಾನತೆಯೆಂದರೆ ಬಾಯಾರಿಕೆ. ಮಾತು ತಪ್ಪಿಸಲು, ಅಂಚಿನ ಆ ಕಚ್ಚು ಯಾಕೆ ಎಂದು ಕೇಳಿದೆ. "ಗುರುತಿಗೆ ಸಾರ್, ಬೇರೇವ್ರು ಮರ್ತು ಮುಟ್ಬಾರ್ದು ಅಂತ" ಎಂದು ಒಳಗೆ ಹೋಗಿ ಒಂದು ಚಿಪ್ಪು ತಂದಳು. ಅವಳ ಅಜ್ಜಿಯದಂತೆ, ಟೀ ಅಂಗಡಿಗೆ ಒಯ್ಯುತ್ತಿದ್ದದ್ದು. ಅಜ್ಜಿ ಸತ್ತು ಎಷ್ಟೋ ವರ್ಷವಾಗಿತ್ತು. ಚಿಪ್ಪಿನ ಅಂಚಿನಲ್ಲಿ ಅದೇ ಜಾಗದಲ್ಲಿ ಅದೇ ಕಚ್ಚು. ನಾನು ಸುಟ್ಟದ್ದು ಒಂದು ಚಿಪ್ಪನ್ನು ಮಾತ್ರ, ಮಿಕ್ಕದ್ದೆಲ್ಲ ಹಾಗೇ ಇತ್ತು. ದೆವ್ವವಾಗಿದ್ದರೆ ಬೇವಿನ ಸೊಪ್ಪಿಗೋ ದರ್ಗಾದ ತಾಯಿತಕ್ಕೋ ಬಗ್ಗುತ್ತಿತ್ತು. ಇದಕ್ಕೆ ಏನು ಕಟ್ಟುವುದು?

"ನಾಳೆ ಒಂದ್ ದಿನ ಬಾಮ್ಮ, ಚಿಪ್ಪು ಇರುತ್ತೆ" ಎಂದು ಬೇಡಿಕೊಂಡೆ. ಬಂದಳು. ಬೆಲ್ಲು ಹೊಡೆದಾಗ ಎಲ್ಲರ ಹಿಂದೆ ನಾನೂ ಸಾಲಿನಲ್ಲಿ ನಿಂತೆ. ಅವಳು ಕುಡಿದಾದ ಮೇಲೆ ಅವಳ ಕೈಯಿಂದ ಚಿಪ್ಪು ಇಸಕೊಂಡು, "ಹುಯ್ಯೋ" ಎಂದು ಚಂಗಲರಾಯನ ಮುಂದೆ ಹಿಡಿದೆ. ಅವನು ಕಣ್ಣು ಕಣ್ಣು ಬಿಟ್ಟ, ಆದರೆ ಹುಯ್ದ. ಧೈರ್ಯಸ್ಥನಂತೆ ಕುಡಿದೆ ಎಂದು ಬರೆಯಲು ಆಸೆ. ನಿಜ ಹೇಳಬೇಕೆಂದರೆ ಚಿಪ್ಪು ತುಟಿಗೆ ತಾಗಿದಾಗ ನಮ್ಮ ಮನೆಯ ಎಷ್ಟೋ ತಲೆಮಾರಿನವರು ಒಟ್ಟಿಗೆ ನನ್ನ ಕೈ ಹಿಡಿದು ಎಳೆದರು. ಕುಡಿದೆ. ನೀರು ನೀರಿನಂತೆಯೇ ಇತ್ತು.

ಮಾರನೆಯ ಬೆಳಿಗ್ಗೆ ತೊಲೆಯಲ್ಲಿ ಎರಡು ಚಿಪ್ಪು ತೂಗುತ್ತಿದ್ದವು.

ಹೊಸದಕ್ಕೂ ಕಚ್ಚು ಹಾಕಿತ್ತು. ನಾನು ಕೆಳಗೆ ಕಂಬದ ಹಾಗೆ ನಿಂತಿದ್ದೆ. ಯಾರೋ ನನ್ನನ್ನು ನೋಡಿದ್ದರು, ಅಳತೆ ತೆಗೆದುಕೊಂಡಿದ್ದರು, ನನಗೂ ಒಂದು ಜಾಗ ಮಾಡಿದ್ದರು. ಹಿಂದೆ ಕಿಸಕ್ಕೆಂದು ಸದ್ದಾಯಿತು. ಮುನಿಲಕ್ಷ್ಮಿ ನಗುವುದನ್ನು ನಾನು ನೋಡಿದ್ದು ಆವತ್ತೇ ಮೊದಲು.

"ಎಡಗಡೇದು ನಿಮ್ದು ಸಾರ್" ಎಂದಳು.

ಆವತ್ತು ಸ್ಟಾಫ್ ರೂಮಿನಲ್ಲಿ ನನ್ನ ಕಾಫಿ ಬೇರೆ ಲೋಟದಲ್ಲಿ ಬಂತು. ಬಾಡಿಗೆ ಮನೆಯ ಯಜಮಾನಮ್ಮ ಮಜ್ಜಿಗೆಯನ್ನು ಹೊಸಿಲ ಆಚೆಯಿಂದಲೇ ಇಟ್ಟು ಹೋದರು. ಅದರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಎಲ್ಲರೂ ಮೊದಲಿನಂತೆಯೇ ನಗುನಗುತ್ತಾ "ಏನ್ ಮೇಷ್ಟ್ರೇ, ಊಟ ಆಯ್ತಾ?" ಎನ್ನುತ್ತಿದ್ದರು. ನನ್ನನ್ನು ಹೆದರಿಸಿದ್ದು ಬೈಗುಳವಲ್ಲ, ಆ ನಗು. ಮುನಿಲಕ್ಷ್ಮಿ ಹುಟ್ಟಿದಾಗಿನಿಂದ ಆ ನಗುವಿನ ನಡುವೆ ನಡೆದು ಸ್ಕೂಲಿಗೆ ಬರುತ್ತಿದ್ದಳೆಂದು ಆಗ ಅರ್ಥವಾಯಿತು. ಪುಸ್ತಕದಲ್ಲಿ ಅದು ಇರಲಿಲ್ಲ.

ಇಲ್ಲಿಂದ ಮುಂದೆ ನಾನು ಏನೂ ಮಾಡಲಿಲ್ಲ, ಮಕ್ಕಳೇ ಮಾಡಿದರು. ಅದೂ ಸಮಾನತೆಗಾಗಿ ಅಲ್ಲ. ಬಾಷಾ ಒಂದು ದಿನ "ಸಾರ್ ಚಿಪ್ಪಲ್ವಾ, ನಾನೂ ಕುಡೀತೀನಿ, ಬುದ್ಧಿ ಬರ್ಲಿ" ಎಂದು ನನ್ನದರಲ್ಲಿ ಕುಡಿದ. ಮಾರನೆಯ ದಿನ ಅವನಿಗೂ ಒಂದು ಚಿಪ್ಪು! ಉಳಿದವರಿಗೆ ಹೊಟ್ಟೆಕಿಚ್ಚು. ಮುಟ್ಟಿದರೆ ಸಾಕು, ಮಾರನೆಯ ಬೆಳಿಗ್ಗೆ ಸ್ವಂತದ್ದೊಂದು ಚಿಪ್ಪು ತಾನಾಗಿ ಬರುತ್ತದೆಂದರೆ ಯಾವ ಮಗು ಬಿಟ್ಟೀತು? ಹೆದರಿಕೆ ಆಟವಾಯಿತು. ತೊಲೆಯ ತುಂಬ, ಗೌರಿಹಬ್ಬಕ್ಕೆ ಕಟ್ಟಿದ ಹಣ್ಣುಕಾಯಿಗಳ ಫಲಾವಳಿಯ ಹಾಗೆ, ಚಿಪ್ಪುಗಳು ಇಳಿಬಿದ್ದವು. ಗಾಳಿ ಬಂದರೆ ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತಿದ್ದವು. ಪಾಠ ಮಾಡುತ್ತಿದ್ದ ನಾನು ಮಾತು ನಿಲ್ಲಿಸಿ ಆಲಿಸುತ್ತಿದ್ದೆ. ಕಟ್ಟುವವರ ಕೈ ಸೋಲುತ್ತಿದೆಯೇನೋ ಎನ್ನಿಸುತ್ತಿತ್ತು. ಎಲ್ಲಕ್ಕೂ ಒಂದೇ ಕಚ್ಚು; ಯಾವುದು ಯಾರದೆಂದು ಯಾರಿಗೂ ತಿಳಿಯದು. ಕೈಗೆ ಸಿಕ್ಕಿದ್ದರಲ್ಲಿ ಎಲ್ಲರೂ ಕುಡಿದರು. ಹಿತ್ತಾಳೆ ಲೋಟಕ್ಕೆ ಹೆಡ್ಮಾಸ್ತರೊಬ್ಬರೇ ಗತಿಯಾದರು.

ಪರೀಕ್ಷೆಯ ಹಿಂದಿನ ವಾರ ಒಂದು ಬೆಳಿಗ್ಗೆ ತೊಲೆ ಬರಿದಾಗಿತ್ತು. ಒಂದು ಚಿಪ್ಪೂ ಇಲ್ಲ, ಒಂದು ಹುರಿಯ ತುಂಡೂ ಇಲ್ಲ. ಬೆಲ್ಲು ಹೊಡೆಯಿತು. ಮಕ್ಕಳೆಲ್ಲ ಗುಡಾಣದ ಸುತ್ತ ನಿಂತು ಮೇಲೆ ನೋಡಿದರು, ಆಮೇಲೆ ಲೋಟ ನೋಡಿದರು, ಆಮೇಲೆ ಮುನಿಲಕ್ಷ್ಮಿಯನ್ನು ನೋಡಿದರು. ಇನ್ನು ಇವಳು ಮನೆಗೆ ಹೊರಟಳು, ಮತ್ತೆ ಬರುವುದಿಲ್ಲ ಎಂದುಕೊಂಡೆ. ಚಂಗಲರಾಯ ಲೋಟ ತೆಗೆದುಕೊಂಡು ಗಟಗಟ ಕುಡಿದ, ಬಾಯಿ ಒರೆಸಿಕೊಂಡ, ಮತ್ತೆ ಮೊಗೆದು ಅವಳ ಕಡೆ ಚಾಚಿದ.

"ತಗೋಮ್ಮೇ, ಬೇಗ ಕುಡಿ. ನಂಗಿನ್ನೂ ಬಾಯಾರ್ಕೆ ಹೋಗಿಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ಲೋಟ ತೆಗೆದುಕೊಂಡು ಕುಡಿದಳು. ತೋಪಿನಲ್ಲಿ ಒಂದು ಎಲೆಯೂ ಅಲುಗಲಿಲ್ಲ.

ಊರು ಬದಲಾಯಿತೆಂದು ಹೇಳುತ್ತಿಲ್ಲ. ಟೀ ಅಂಗಡಿಯ ತೊಲೆಯಲ್ಲಿ ಚಿಪ್ಪುಗಳು ಹಾಗೇ ತೂಗುತ್ತಿದ್ದವು. ಮುನಿಲಕ್ಷ್ಮಿ ಪರೀಕ್ಷೆ ಬರೆದು ಪಾಸಾದಳು. ಅಸ್ಪೃಶ್ಯತೆಯ ಪ್ರಶ್ನೆ ಬಂದಿತ್ತಂತೆ. ಏನು ಬರೆದೆ ಎಂದರೆ, "ನೀವು ಹೇಳ್ಕೊಟ್ಟಂಗೇ, ನಿರ್ಮೂಲ ಮಾಡಲಾಗಿದೆ ಅಂತ. ಮಾರ್ಕ್ಸ್ ಬೇಕಲ್ಲ ಸಾರ್" ಎಂದು ಮತ್ತೆ ನಕ್ಕಳು.

ಯಾರು ಕಟ್ಟುತ್ತಿದ್ದರು? ಕೊನೆಗೂ ತಿಳಿಯಲಿಲ್ಲ. ಒಬ್ಬರಲ್ಲ, ಎಲ್ಲರೂ ಇರಬೇಕು. ಅವರಿಗೇ ಗೊತ್ತಾಗದ ಹಾಗೆ ಅವರ ಕೈ ಕಟ್ಟುತ್ತಿತ್ತು ಎಂದು ನನ್ನ ಅನುಮಾನ. ಪೇಟೆಯಲ್ಲಿ ಬೆಳೆದ ನನ್ನ ಕೈಯ ಮೇಲೂ ನನಗೆ ಪೂರಾ ನಂಬಿಕೆಯಿಲ್ಲ.

ಎಂಬತ್ತರ ದಶಕದಲ್ಲಿ ವೇಮಗಲ್ ಕಡೆಯ ಒಂದು ಸ್ಕೂಲಿಗೆ ವರ್ಗವಾಯಿತು. ಮೊದಲ ದಿನ ವರಾಂಡಕ್ಕೆ ಕಾಲಿಟ್ಟವನೇ ಮೇಲೆ ನೋಡಿದೆ. ತೊಲೆಯಲ್ಲಿ ಮೊಳೆಯಿತ್ತು, ತುಕ್ಕು ಹಿಡಿಯದೆ ಹೊಳೆಯುತ್ತಿತ್ತು. ಬೇರೇನೂ ಇರಲಿಲ್ಲ. ಖುಷಿಯಾಗಿ ಕ್ಲಾಸಿಗೆ ಹೋಗಿ ಅದೇ ಪಾಠ ಮಾಡಿದೆ, ಮಕ್ಕಳು ತಾರಸಿ ಹಾರುವಂತೆ "ನಿರ್ಮೂಲ" ಎಂದರು. ಮಾರನೆಯ ಬೆಳಿಗ್ಗೆ, ಇನ್ನೂ ಯಾರೂ ಬಂದಿರದ ಹೊತ್ತಿನಲ್ಲಿ, ಮೊಳೆಯಿಂದ ಒಂದು ಚಿಪ್ಪು ಸಣ್ಣಗೆ ತೂಗುತ್ತಿತ್ತು. ಅಂಚಿನಲ್ಲಿ ಕಚ್ಚು.

ಈ ಸಲ ಕಿತ್ತು ಒಗೆಯಲಿಲ್ಲ. ಗುಡಾಣದಿಂದ ನೀರು ಹುಯ್ದುಕೊಂಡು ಅದರಲ್ಲೇ ಕುಡಿದು, ತೊಳೆಯದೆ ಹಾಗೇ ನೇತುಹಾಕಿದೆ. ಆಮೇಲೆ ತೊಲೆಯ ಕಡೆ ತಲೆ ಎತ್ತಿ, ಅಲ್ಲಿ ಯಾರಿದ್ದರೋ ಅವರಿಗೆ, "ನಂದು ಎಡಗಡೆಗಿರ್ಲಿ" ಎಂದೆ.